ಹಬ್ಬಕ್ಕೆ ಅಡ್ಡಬಾರದ ಮೂರು ದಿನ

ಐವತ್ತೆರಡು ತುಂಬಿದ ಹೆಂಗಸು ತಿಂಗಳು ತಪ್ಪದೆ ಹೊರಗಾಗುತ್ತಾಳೆ ಅಂದರೆ ಯಾರಿಗಾದರೂ ಅನುಮಾನ ಬರಬೇಕು. ನನ್ನ ಮಗನಿಗೆ ಬರಲಿಲ್ಲ. ಕೋರ್ಟಿನಲ್ಲಿ ಕಂಡವರ ಸಾಕ್ಷಿಯನ್ನೆಲ್ಲ ಜಾಲಾಡುವ ವಕೀಲ ವೆಂಕಟಸುಬ್ಬಯ್ಯ, ಮನೆಯಲ್ಲಿ ಎಲೆಗೆ ಬಿದ್ದದ್ದನ್ನು ತಿಂದು ಕೈ ತೊಳೆದು ಹೋಗುತ್ತಾನೆ. ಹಾಗಾಗಿ ಅನುಮಾನಪಡುವ ಕೆಲಸ ನನ್ನ ಪಾಲಿಗೆ ಬಂತು. ಎಪ್ಪತ್ತನಾಲ್ಕರ ವಯಸ್ಸಿನಲ್ಲೂ ಅದನ್ನು ನಾನು ಚೆನ್ನಾಗಿಯೇ ಮಾಡಿದೆ.

ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ಆ ಮೂರು ದಿನ ದೂರ ಕೂರುವ ಪದ್ಧತಿ ಆಗಲೂ ಇತ್ತು. ನಾನು ಹೇಳುತ್ತಿರುವುದು ತೊಂಬತ್ತೆಂಟರ ಮಾತು. ಅಕ್ಕಪಕ್ಕದ ಮನೆಗಳಲ್ಲಿ ಅದನ್ನೆಲ್ಲ ಬಿಟ್ಟು ಬಹಳ ವರ್ಷವಾಗಿತ್ತು. ನಾನಿರುವವರೆಗೆ ನಮ್ಮಲ್ಲಿ ಬಿಡಲಾಗದು ಎಂದು ನಾನೇ ಹೇಳಿದ್ದೆ. ಸೊಸೆ ರಮಾಮಣಿ ಹೊರಗಾದರೆ ಹಿತ್ತಲ ಕೋಣೆಗೆ ಹೋಗುತ್ತಾಳೆ. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಒಳಗೆ ಬರುತ್ತಾಳೆ. ಅಲ್ಲಿಯವರೆಗೆ ಒಲೆ ನನ್ನದು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಣ್ಣೀರು ಸುರಿದುಕೊಂಡು, ಮಡಿಸೀರೆ ಉಟ್ಟು, ಎಂಟರೊಳಗೆ ದೇವರ ನೈವೇದ್ಯಕ್ಕೆ ಅನ್ನ, ತೊವ್ವೆ, ಪಲ್ಯ ಇಳಿಸಬೇಕು. ಮಡಿಯಲ್ಲಿದ್ದವಳು ಅವಳನ್ನು ಮುಟ್ಟುವಂತಿಲ್ಲ, ಅವಳ ಕೋಣೆಗೆ ಕಾಲಿಡುವಂತಿಲ್ಲ. ಹಿತ್ತಲ ಹೊಸ್ತಿಲಿಗೆ ಅವಳು ತಟ್ಟೆ ತಂದಿಟ್ಟು ಹಿಂದೆ ಸರಿದರೆ, ನಾನು ಮೇಲಿನಿಂದ ಬಡಿಸುತ್ತೇನೆ. ಅಂದರೆ ಅವಳು ಒಳಗೆ ಏನು ಮಾಡುತ್ತಿದ್ದಾಳೆ ಎಂದು ನೋಡುವ ದಾರಿಯೇ ನನಗಿರಲಿಲ್ಲ.

ಮೊದಲು ಬಂದದ್ದು ಅನುಮಾನವಲ್ಲ, ಹೆದರಿಕೆ. ನನಗೆ ನಲವತ್ತಾರಕ್ಕೇ ನಿಂತುಹೋಗಿತ್ತು. ನನ್ನ ಅಕ್ಕನಿಗೆ ನಿಂತದ್ದು ಐವತ್ತು ದಾಟಿದ ಮೇಲೆ ಮತ್ತೆ ಶುರುವಾಯಿತು. ಅವಳು ಅದನ್ನು ಯಾರಿಗೂ ಹೇಳದೆ ಅಡುಗೆ ಮಾಡುತ್ತಲೇ ಇದ್ದಳು. ಗರ್ಭಕೋಶದಲ್ಲಿ ಹುಣ್ಣು ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಈ ವಿಷಯದಲ್ಲಿ ನಮ್ಮ ಮನೆಗಳ ಹೆಂಗಸರು ಸತ್ಯ ಹೇಳುವುದಿಲ್ಲ ಎಂದು ಅವತ್ತೇ ನನಗೆ ಗೊತ್ತಾಯಿತು. ರಮಾಮಣಿಯನ್ನು ಒಂದೆರಡು ಸಲ ಕೇಳಿದೆ. ನೋವಿದೆಯಾ, ಜಾಸ್ತಿ ಹೋಗುತ್ತಾ, ಡಾಕ್ಟರ ಹತ್ತಿರ ತೋರಿಸಿದೆಯಾ ಎಂದೆ. ಏನೂ ಇಲ್ಲ ಅತ್ತೆ, ಎಲ್ಲ ಸರಿಯಾಗಿದೆ ಎಂದು ನೆಲ ನೋಡಿಕೊಂಡು ಹೇಳಿದಳು. ನೆಲ ನೋಡಿಕೊಂಡು ಸತ್ಯ ಹೇಳಿದವರನ್ನು ನಾನು ಕಂಡಿಲ್ಲ.

ಊಟವೂ ಕೆಟ್ಟಿತ್ತು. ಆ ಮೂರು ದಿನ ಬಡಿಸಲು ಹೋದರೆ ಒಂದು ಸೌಟು ಅನ್ನಕ್ಕೇ ಸಾಕು ಎಂದು ಕೈ ಅಡ್ಡ ಹಿಡಿಯುವಳು. ಪಲ್ಯ ಇನ್ನೊಂದು ಸೌಟು ಹಾಕಿ, ಕೋಸಂಬರಿ ಇದ್ದರೆ ಕೊಡಿ, ತೊವ್ವೆ ಗಟ್ಟಿಯಾಗಿ ಬಡಿಸಿ ಎನ್ನುವಳು. ನನ್ನ ಮನೆಯಲ್ಲಿ ಮೂವತ್ತು ವರ್ಷದಿಂದ ಎಲ್ಲರಿಗೂ ಬಡಿಸಿ, ಕೊನೆಗೆ ಕೂತು, ಪಾತ್ರೆಯಲ್ಲಿ ಉಳಿದ ಅನ್ನವನ್ನೆಲ್ಲ ಚೆಲ್ಲಬಾರದೆಂದು ಬಳಿದು ತಿನ್ನುತ್ತಿದ್ದ ಹೆಂಗಸು ಅವಳು. ಕಾಫಿಗೂ ಸಕ್ಕರೆ ಬೇಡವೆಂದಳು. ಸಕ್ಕರೆ ಇಲ್ಲದ ಕಾಫಿ ಕುಡಿಯುವವರನ್ನು ನಾನು ಜನ್ಮದಲ್ಲಿ ನಂಬಿದವಳಲ್ಲ. ನಾನು ಮಾಡಿದ ಗಸಗಸೆ ಪಾಯಸವನ್ನು ಲೋಟದೊಂದಿಗೆ ಹಾಗೆಯೇ ಹೊಸ್ತಿಲ ಮೇಲೆ ಬಿಟ್ಟಿದ್ದ ದಿನ, ಇವಳ ಹೊಟ್ಟೆಯಲ್ಲಿ ಏನೋ ಕೂತಿದೆ ಎಂದು ನನಗೆ ಖಾತ್ರಿಯಾಯಿತು.

ಅದರ ಮೇಲೆ ಆ ಶಬ್ದ. ಬೆಳಗಿನ ಐದೂವರೆಗೆ ನಾನು ಹಿತ್ತಲ ಕೊಳಾಯಿಯಲ್ಲಿ ನೀರು ಹಿಡಿಯುವಾಗ ಅವಳ ಕೋಣೆಯೊಳಗಿಂದ ನರಳಿದ ಹಾಗೆ ಕೇಳಿಸುತ್ತಿತ್ತು. ಒಂದು ಸಲ 'ಉಸ್', ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ 'ಉಸ್'. ಮಧ್ಯೆ ಏನೋ ಭಾರವಾದದ್ದನ್ನು ನೆಲಕ್ಕೆ ಇಟ್ಟ ಸದ್ದು. ಕಿವಿಗೊಟ್ಟು ಎಣಿಸಿದೆ, ಹತ್ತು ಸಲ, ಹನ್ನೆರಡು ಸಲ. ರಮಾ, ಏನಾಯ್ತೇ ಎಂದು ಕೂಗಿದರೆ ಸದ್ದು ನಿಂತಿತು. ಏನಿಲ್ಲ ಅತ್ತೆ ಎಂದಳು, ಏದುಸಿರು ಬಿಡುತ್ತ. ಬಾಗಿಲು ತಳ್ಳಿ ನೋಡೋಣವೆಂದರೆ ನಾನು ಮಡಿಯಲ್ಲಿದ್ದೆ.

ಇಷ್ಟರಲ್ಲಿ ಸಂಕ್ರಾಂತಿ ಕಳೆಯಿತು. ಎಳ್ಳು ಬೀರಿ ಬಂದ ಮಾರನೆಯ ಸಂಜೆ, ಮೈ ನಡುಗುವ ಚಳಿಯಲ್ಲಿ, ರಮಾಮಣಿ ನಡುಮನೆಯಲ್ಲಿ ಕೂತು ಬೀಸಣಿಗೆಯಿಂದ ಬೀಸಿಕೊಳ್ಳುತ್ತಿದ್ದಳು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಎರಡು ನಿಮಿಷದಲ್ಲಿ ಅದು ಹೋಗಿ ಮತ್ತೆ ಸೆರಗು ಹೊದ್ದುಕೊಂಡಳು. ನನಗೆ ಆ ಬೆಂಕಿ ಗೊತ್ತು. ನನಗೂ ಬಂದಿತ್ತು. ಆದರೆ ನನಗೆ ಬಂದದ್ದು ಎಲ್ಲ ನಿಂತುಹೋದ ಮೇಲೆ. ತಿಂಗಳು ತಿಂಗಳು ಗಡಿಯಾರದಂತೆ ಹೊರಗಾಗುವವಳಿಗೆ ಆ ಬೆಂಕಿ ಎಲ್ಲಿಂದ ಬರಬೇಕು?

ಅವತ್ತು ನಾನು ಪಂಚಾಂಗ ತೆಗೆದೆ. ಈ ವರ್ಷದ್ದು, ಹಿಂದಿನೆರಡು ವರ್ಷದ್ದು. ನಾನು ಒಲೆ ಹಿಡಿದ ದಿನಗಳಿಗೆ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕೆ ಇಡುತ್ತೇನೆ. ಮಗಳು ಬಂದಾಗ ಕಷ್ಟ ಹೇಳಿಕೊಳ್ಳಲು ಬೇಕಾಗುತ್ತದೆ. ಮೂರು ವರ್ಷದ ಹಿಂದಿನ ಯುವ ಸಂವತ್ಸರದ ಯುಗಾದಿಯ ಮೇಲೆಯೇ ಚುಕ್ಕೆ ಇತ್ತು. ಆ ವರ್ಷ ಮನೆಯ ಒಬ್ಬಳೇ ಮುತ್ತೈದೆ ಹಿತ್ತಲಲ್ಲಿ ಕೂತು ಅತ್ತದ್ದು ನನಗೆ ನೆನಪಿದೆ. ಅದರ ಹಿಂದಿನ ವರ್ಷ ಗೌರಿಹಬ್ಬ ಹೋಗಿತ್ತು. ಅದಕ್ಕೂ ಹಿಂದೆ ದಸರಾ ಬೊಂಬೆ ಕೂರಿಸುವ ದಿನವೇ ಆಗಿ, ಪಟ್ಟದ ಗೊಂಬೆಗಳಿಗೆ ನಾನೇ ಸೀರೆ ಉಡಿಸಿದ್ದೆ. ಹೆಣ್ಣಾದವಳಿಗೆ ಇದೆಲ್ಲ ಹೊಸದಲ್ಲ. ಹಬ್ಬ ಅಂದರೆ ಅದು ಕಾದುಕೊಂಡು ಬರುತ್ತದೆ. ಆದರೆ ಆ ಯುಗಾದಿಯ ನಂತರ ಒಂದೇ ಒಂದು ಹಬ್ಬಕ್ಕೂ ಚುಕ್ಕೆ ಬಿದ್ದಿರಲಿಲ್ಲ. ಮಾರನೆಯ ವರ್ಷ ಧಾತುವಿನಲ್ಲಿ ಇಲ್ಲ, ಈ ವರ್ಷ ಈಶ್ವರದಲ್ಲೂ ಇಲ್ಲ. ಗೌರಿ ಹತ್ತಿರ ಬಂದರೆ ನಾಲ್ಕು ದಿನ ಮುಂಚೆ, ಯಜಮಾನರ ತಿಥಿ ಹತ್ತಿರ ಬಂದರೆ ಐದು ದಿನ ಆಮೇಲೆ. ಉಳಿದ ತಿಂಗಳಲ್ಲಿ ಸರಿಯಾಗಿ ಇಪ್ಪತ್ತೆಂಟು ದಿನಕ್ಕೆ. ಮೈಯಲ್ಲಿ ಆಗುವ ಸಂಗತಿಗೆ ಪಂಚಾಂಗ ಓದಲು ಬರುವುದಿಲ್ಲ. ಇದನ್ನು ಯಾರೋ ಕೂತು ಲೆಕ್ಕ ಹಾಕಿ ಇಟ್ಟಿದ್ದಾರೆ.

ಹಾಗಾದರೆ ಸುಳ್ಳು. ಸುಳ್ಳಾದರೆ ಒಳ್ಳೆಯದು, ರೋಗವಲ್ಲ ಎಂದು ಮನಸ್ಸಿಗೆ ಒಂದು ಗಳಿಗೆ ಸಮಾಧಾನವೂ ಆಯಿತು. ಆಮೇಲೆ ಕೋಪ ಬಂತು. ನನ್ನ ಬೆನ್ನು ಮುರಿದು ಇವಳು ರಜ ತೆಗೆದುಕೊಳ್ಳುತ್ತಿದ್ದಾಳಾ? ಆದರೆ ಮೈಗಳ್ಳಿಯಾಗಿದ್ದರೆ ತಪ್ಪಿಸಿಕೊಳ್ಳಬೇಕಾದದ್ದು ಹಬ್ಬದ ದಿನ, ತಿಥಿಯ ದಿನ. ಬೆಟ್ಟದಷ್ಟು ಕೆಲಸವಿರುವ ದಿನವೇ ಒಳಗೆ ಬಂದು ದುಡಿದು, ಬರಿಯ ಸೋಮವಾರ ಮಂಗಳವಾರ ಹೋಗಿ ಹಿತ್ತಲಲ್ಲಿ ಕೂರುವ ಸೋಮಾರಿಯನ್ನು ಯಾರು ಕಂಡಿದ್ದಾರೆ? ಅಲ್ಲದೆ ಆ ನರಳಾಟ ಸುಳ್ಳಲ್ಲ. ಬೇಡವೆಂದ ಅನ್ನ ಸುಳ್ಳಲ್ಲ. ರೋಗವನ್ನು ಮುಚ್ಚಿಡಲು ಹೀಗೆ ದೂರ ಕೂರುತ್ತಿದ್ದಾಳೋ ಏನೋ. ಸುಳ್ಳು ಹೇಳುತ್ತಿದ್ದಾಳೋ ಸಾಯುತ್ತಿದ್ದಾಳೋ ತಿಳಿಯದೆ ನನಗೆ ಊಟ ಸೇರದಾಯಿತು.

ಎದುರುಮನೆಯ ಪ್ರೇಮಲೀಲಾಳ ಮೇಲೂ ನನಗೆ ಕಣ್ಣಿತ್ತು. ಲಿಂಗಾಯತರ ಹೆಂಗಸು, ಸ್ಕೂಲಿನಲ್ಲಿ ಟೀಚರು, ರಮಾಮಣಿಗಿಂತ ಒಂದೆರಡು ವರ್ಷ ದೊಡ್ಡವಳು. ಮುಂಬಾಗಿಲಿನಿಂದ ಬಂದು ಮಾತಾಡಿಸುತ್ತಿದ್ದವಳು ಈಚೆಗೆ ಹಿತ್ತಲ ಗೇಟಿನ ಹತ್ತಿರ ನಿಂತು ಪಿಸುಗುಟ್ಟುತ್ತಿದ್ದಳು. ಒಂದು ಸಲ ಪೇಪರಿನಲ್ಲಿ ಸುತ್ತಿದ ಗಂಟನ್ನು ಕೊಟ್ಟು ಹೋದಳು. ನನ್ನನ್ನು ಕಂಡ ಕೂಡಲೇ, ಅವರೆಕಾಯಿ ಚೆನ್ನಾಗಿ ಬಂದಿದೆ ಕಣ್ರೀ ಎಂದು ಕೇಳದ ಸುದ್ದಿ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಮುಂದಿನ ತಿಂಗಳು ರಮಾಮಣಿ ಹೊರಗಾದೆ ಎಂದು ಹೇಳಿದ ಮೊದಲನೆಯ ದಿನ, ಹೂವು ತರುವ ಮುದ್ದಮ್ಮ ಮಾಲೆ ಅಳೆಯುತ್ತ ಒಂದು ಮಾತು ಹೇಳಿದಳು.

"ನಿಮ್ಮ ಸೊಸೇರ್ನ ಕುಕ್ಕರಹಳ್ಳಿ ಕೆರೆ ಏರಿ ಮ್ಯಾಲೆ ಕಂಡೆ ಕಣಮ್ಮ, ಇನ್ನೂ ಮಬ್ಬುಗತ್ಲು. ಏನ್ ಬಿರುಸು ಅಂತೀರಿ, ಮಾತಾಡ್ಸೋದ್ರೊಳಗೆ ಒಂಟೋದ್ರು."

 ರೋಗ ಮುಚ್ಚಿಟ್ಟುಕೊಂಡ ಹೆಂಗಸಿಗೆ ಮಬ್ಬುಗತ್ತಲಲ್ಲಿ ಕೆರೆಯ ಹತ್ತಿರ ಏನು ಕೆಲಸ? ಮಗನಿಗೆ ಹೇಳಿದರೆ, ಮುದ್ದಮ್ಮನ ಕಣ್ಣಿಗೆ ಪೊರೆ ಬಂದಿದೆ ಎಂದು ನಕ್ಕು ಮತ್ತೆ ಪೇಪರು ಬಿಡಿಸಿದ.

ಎರಡನೆಯ ದಿನ ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದೆ. ಹಿತ್ತಲ ಗೇಟಿನ ಚಿಲಕ ಸದ್ದಾಗದ ಹಾಗೆ ಸರಿಯಿತು. ಸದ್ದಾಗದ ಹಾಗೆ ಸರಿಸಿದ್ದೇ ನನ್ನ ಕಿವಿಗೆ ಬಿತ್ತು. ಅಕ್ಕಿಯನ್ನು ಅಲ್ಲಿಯೇ ಬಿಟ್ಟೆ. ಒಲೆ ಆರಿಸಿದೆ. ಮದುವೆಯಾಗಿ ಬಂದ ಐವತ್ತೆಂಟು ವರ್ಷದಲ್ಲಿ ದೇವರ ಅಡುಗೆಯನ್ನು ಅರ್ಧಕ್ಕೆ ಬಿಟ್ಟು ಹೊರಟದ್ದು ಅದೇ ಮೊದಲು. ಮಡಿಸೀರೆಯ ಮೇಲೆ ಶಾಲು ಹೊದ್ದು ಮುಂದಿನ ರಸ್ತೆಗೆ ಹೋಗಿ ಆಟೋ ನಿಲ್ಲಿಸಿದೆ. ಸೀಟು ತಾಗಿದ ಕೂಡಲೇ ಮಡಿ ಹೋಯಿತು. ಹೋಗಲಿ ಎಂದುಕೊಂಡೆ. ದಾರಿಯುದ್ದಕ್ಕೂ ನನಗೆ ಕಂಡದ್ದು ನೀರು ಮಾತ್ರ. ಅದರಲ್ಲಿ ತೇಲುವ ಸೀರೆ.

ಕೆರೆಯ ಏರಿಯ ಮೇಲೆ ತೆಳ್ಳಗೆ ಮಂಜು. ಆಟೋದವನಿಗೆ ನಿಲ್ಲಲು ಹೇಳಿ, ಮೇಲೆ ಹತ್ತಿ ಮೊದಲು ಸಿಕ್ಕ ಕಲ್ಲುಬೆಂಚಿನ ಮೇಲೆ ಕೂತೆ. ಯಾರ್ಯಾರೋ ಮಫ್ಲರಿನವರು ಹೋದರು. ಸ್ವಲ್ಪ ಹೊತ್ತಿಗೆ ಆ ಕಡೆಯ ತಿರುವಿನಿಂದ ಇಬ್ಬರು ಹೆಂಗಸರು ಬಂದರು. ಒಬ್ಬಳು ಪ್ರೇಮಲೀಲಾ. ಅವಳ ಪಕ್ಕದಲ್ಲಿ ಸೀರೆಯನ್ನು ಗೇಣೆತ್ತರಕ್ಕೆ ಎತ್ತಿ ಸಿಕ್ಕಿಸಿ, ಬಿಳಿಯ ಕ್ಯಾನ್ವಾಸ್ ಷೂ ಹಾಕಿಕೊಂಡು, ಕೈ ಬೀಸಿ ಬೀಸಿ ನಡೆಯುತ್ತಿದ್ದವಳು ನನ್ನ ಸೊಸೆ. ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ. ಅವಳು ಅಳುತ್ತಲೂ ಇರಲಿಲ್ಲ. ಅವಳ ಮುಖ ಕೆಂಪಾಗಿತ್ತು, ನಗು ಇತ್ತು. ಆ ನಗುವನ್ನು ನನ್ನ ಅಡುಗೆಮನೆಯಲ್ಲಿ ನಾನು ಕಂಡಿರಲಿಲ್ಲ. ನನಗೆ ಅಳು ಬಂತು. ಅವಳು ಬದುಕಿದ್ದಾಳೆ ಎನ್ನುವ ಸಂತೋಷಕ್ಕೆ ಬಂತು, ನನ್ನನ್ನು ಇಷ್ಟು ಹೆದರಿಸಿದಳಲ್ಲ ಎನ್ನುವ ಸಿಟ್ಟಿಗೂ ಬಂತು.

ನನ್ನನ್ನು ಕಂಡು ಇಬ್ಬರೂ ನಿಂತರು. ಪ್ರೇಮಲೀಲಾ, ದೊಡ್ಡಮ್ಮಾವ್ರೂ ಬಂದ್ಬುಟ್ರಾ ಎಂದು ಹಲ್ಲು ಬಿಟ್ಟು, ನನ್ನ ಮುಖ ನೋಡಿ, ತನಗೆ ಸ್ಕೂಲಿಗೆ ಹೊತ್ತಾಯಿತೆಂದು ಹೊರಟುಹೋದಳು. ರಮಾಮಣಿ ಅಭ್ಯಾಸಬಲದಿಂದ ಎರಡು ಮಾರು ಹಿಂದೆ ಸರಿದಳು, ನಾನು ಮಡಿಯಲ್ಲಿದ್ದೇನೆ ಎಂದು. ಬಾ, ಕೂತ್ಕೋ ಎಂದೆ. ಬೆಂಚಿನ ತುದಿಯಲ್ಲಿ ಕೂತಳು.

"ನಿನಗೆ ನಿಂತು ಎಷ್ಟು ದಿನ ಆಯ್ತು?" ಎಂದೆ.

ಅವಳು ನೆಲ ನೋಡಲಿಲ್ಲ. "ಎರಡೂವರೆ ವರ್ಷ ಆಯ್ತು ಅತ್ತೆ," ಎಂದಳು.

ಆಮೇಲೆ ಎಲ್ಲ ಹೇಳಿದಳು. ನಿಂತ ಮೇಲೆ ಮೈ ಭಾರವಾಗಿ, ಬೊಜ್ಜೆಲ್ಲ ಸೊಂಟದ ಸುತ್ತ ಸೇರಿ, ತಲೆಸುತ್ತು ಬಂದು ಲೇಡಿ ಡಾಕ್ಟರ ಹತ್ತಿರ ಹೋಗಿದ್ದಳಂತೆ. ರಕ್ತದಲ್ಲಿ ಸಕ್ಕರೆ ಗೆರೆಯ ಮೇಲೆ ನಿಂತಿದೆ, ಇನ್ನೂ ದಾಟಿಲ್ಲ ಎಂದರಂತೆ. ಈ ವಯಸ್ಸಿನ ಹೆಂಗಸರಿಗೆ ಸಕ್ಕರೆ, ಬಿ.ಪಿ., ಬೊಜ್ಜು ಮೂರೂ ಜೊತೆ ಸೇರಿ ಬರುತ್ತವಂತೆ. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು, ತೋಳು ತೊಡೆಗೆ ಬಲ ಬರುವ ಹಾಗೆ ಭಾರ ಎತ್ತಿ ಇಳಿಸಬೇಕು, ಅನ್ನ ಕಡಿಮೆ ಮಾಡಿ ಕಾಳು, ಸೊಪ್ಪು, ತರಕಾರಿ ಹೆಚ್ಚು ತಿನ್ನಬೇಕು, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಕೋಣೆಯೊಳಗೆ ನರಳುತ್ತಿದ್ದದ್ದು ನೀರು ತುಂಬಿದ ಎರಡು ತಾಮ್ರದ ಚೊಂಬು ಹಿಡಿದು ಕೂತು ಏಳುತ್ತಿದ್ದದ್ದು. ಪೇಪರಿನ ಗಂಟಿನಲ್ಲಿದ್ದದ್ದು ಈ ಷೂ. ಡಾಕ್ಟರ ಮಾತನ್ನು ನಾನು ಪೂರ್ತಿ ನಂಬಲಿಲ್ಲ. ನಡೆದರೆ ಸಕ್ಕರೆ ದೂರ ಅನ್ನುವುದಾದರೆ ನಮ್ಮ ಬೀದಿಯ ಪೋಸ್ಟ್‌ಮ್ಯಾನಿಗೆ ಯಾಕೆ ಬಂತು ಎಂದು ಕೇಳಿದೆ. ಎಲ್ಲರಿಗೂ ಒಂದೇ ಥರ ಅಲ್ಲವಂತೆ, ಆದರೆ ನಡೆದರೆ ಬರುವುದು ತಡವಾಗುತ್ತದಂತೆ.

"ಮೂರು ದಿನ ನಡೆದು ಇಪ್ಪತ್ತೈದು ದಿನ ಒಲೆ ಮುಂದೆ ನಿಂತ್ರೆ ಆಗಲ್ಲ ಅಂತ ಹೋದ ವಾರ ಬೈದ್ರು. ಸಕ್ಕರೆ ಇನ್ನೂ ಸ್ವಲ್ಪ ಏರಿದೆ," ಎಂದಳು. "ಇದೇ ಸಕ್ಕರೆಯಿಂದ ನಮ್ಮಮ್ಮನ ಕಾಲು ತೆಗೆದಿದ್ದು ಐವತ್ತಾರಕ್ಕೆ. ನನಗಿನ್ನು ನಾಲ್ಕು ವರ್ಷ ಇದೆ ಅತ್ತೆ."

ಬಾಯಿ ಬಿಟ್ಟು ಕೇಳಬಾರದಾಗಿತ್ತಾ, ಕಳ್ಳಿಯ ಹಾಗೆ ಹಿತ್ತಲ ಗೇಟು ತೆಗೆಯಬೇಕಾಗಿತ್ತಾ ಎಂದು ನಾನು ರೇಗಿದೆ.

"ಕೇಳಿದ್ದೆ. ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಹೋಗ್ಬರ್ಲಾ ಅಂತ. ನೈವೇದ್ಯ ಯಾರು ಮಾಡ್ತಾರೆ, ಕೆರೆ ಮೀನು ಬಂದು ಮಾಡ್ತವಾ ಅಂದ್ರಿ. ಪೇಪರ್ ಹಿಡ್ಕೊಂಡು ಅವ್ರೂ ನಕ್ರು."

ನನಗೆ ಅದು ನೆನಪಿರಲಿಲ್ಲ. ಆದರೆ ಮಾತು ನನ್ನದೇ, ಅದರಲ್ಲಿ ಅನುಮಾನವಿರಲಿಲ್ಲ. ನಾನು ಅಂಥ ಮಾತನ್ನೇ ಆಡುತ್ತೇನೆ, ಆಡಿ ಮರೆಯುತ್ತೇನೆ. ಅವಳು ಮರೆಯದೆ ಎರಡೂವರೆ ವರ್ಷ ಇಟ್ಟುಕೊಂಡಿದ್ದಳು. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಕೋಪ ಇನ್ನೂ ಹೆಚ್ಚು.

"ಹಬ್ಬದ ದಿನ ಯಾಕೆ ಬಿಟ್ಟೆ? ಒಂದು ಗೌರಿ, ಒಂದು ತಿಥಿ ಮಧ್ಯೆ ಸೇರಿಸಿದ್ದಿದ್ರೆ ನಾನು ಕಂಡುಹಿಡೀತಿರ್ಲಿಲ್ಲ," ಎಂದೆ.

"ದೇವರಿಗೆ, ಮಾವನವರಿಗೆ ಹೇಗೆ ಸುಳ್ಳು ಹೇಳ್ಲಿ ಅತ್ತೆ? ಮನಸ್ಸು ಬರ್ಲಿಲ್ಲ," ಎಂದಳು. ನನಗೆ ಸುಳ್ಳು ಹೇಳಲು ಮಾತ್ರ ಮನಸ್ಸು ಬಂದಿತ್ತು. ಅದು ಯಾಕೆಂದು ನಾನು ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು.

ಮನೆಗೆ ಬರುವ ಹೊತ್ತಿಗೆ ಎಂಟೂವರೆ. ದೇವರ ಮುಂದೆ ದೀಪ ಮಾತ್ರ ಇತ್ತು. ವೆಂಕಟಸುಬ್ಬಯ್ಯ ಪೂಜೆ ಮುಗಿಸಿ, ನೈವೇದ್ಯವಿಲ್ಲದೆ, ಕಾಫಿಯಿಲ್ಲದೆ, ಪೇಪರನ್ನು ಮೂರನೆಯ ಸಲ ಓದುತ್ತ ಕೂತಿದ್ದ. ಎಲ್ಲಿ ಹೋಗಿದ್ದೆ ಎಂದು ಕೇಳಿದ. ಆಮೇಲೆ ನಾವಿಬ್ಬರೂ ಒಂದೇ ಆಟೋದಿಂದ ಇಳಿದದ್ದನ್ನು ನೋಡಿ, ಹೆಂಡತಿಯ ಕಾಲಿನ ಷೂ ನೋಡಿ, ಕನ್ನಡಕ ತೆಗೆದ. ನಾನು ಮುಚ್ಚುಮರೆ ಮಾಡದೆ ಹೇಳಿದೆ. ನಿಂತ ವಿಷಯ, ಸಕ್ಕರೆಯ ವಿಷಯ, ಕೆರೆಯ ವಿಷಯ. ಹೆಂಡತಿಗೆ ನಿಂತು ಎರಡೂವರೆ ವರ್ಷವಾದದ್ದು ಗೊತ್ತಿಲ್ಲದ ಗಂಡನಿಗೆ ಯಾವ ಕಕ್ಷಿಗಾರ ಕೇಸು ಕೊಡುತ್ತಾನೋ ಎಂದೂ ಸೇರಿಸಿದೆ.

ಅವನಿಗೆ ಮೊದಲು ಕಂಡದ್ದು ಸುಳ್ಳೇ. ಮೂವತ್ತು ತಿಂಗಳು ತನ್ನ ಮುಂದೆ ಸುಳ್ಳು ಹೇಳಿದಳಾ, ಇನ್ನೂ ಏನೇನು ಮುಚ್ಚಿಟ್ಟಿದ್ದಾಳೆ ಎಂದು ಅವಳನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದವರ ಹಾಗೆ ನೋಡಿದ. ರಮಾಮಣಿ ತಲೆ ತಗ್ಗಿಸಿ ಷೂವಿನ ದಾರ ಬಿಚ್ಚುತ್ತಿದ್ದಳು. ಮತ್ತೆ ಆ ಕೋಣೆಗೇ ಹೋಗುತ್ತಾಳೆ, ನಾಳಿದ್ದು ಒಳಗೆ ಬಂದು ಒಲೆ ಮುಂದೆ ನಿಲ್ಲುತ್ತಾಳೆ, ಇನ್ನು ಮುಂದೆ ಆ ಮೂರು ದಿನವೂ ಇಲ್ಲ ಎಂದು ನನಗೆ ಹೊಳೆಯಿತು. ನನ್ನ ಜಾಣತನದಿಂದ ಅವಳಿಗೆ ಆದ ಲಾಭ ಅಷ್ಟೇ.

ದೇವರ ಅಡುಗೆಗೆ ಭಟ್ಟರನ್ನು ಇಟ್ಟುಕೊಳ್ಳೋಣ ಎಂದು ಮಗ ಕೊನೆಗೆ ಹೇಳಿದ. ತೀರ್ಪು ಓದುವ ಜಡ್ಜಿಯ ಧ್ವನಿಯಲ್ಲಿ ಹೇಳಿದ. ಯಾರೋ ಭಟ್ಟರ ಮಡಿಯನ್ನು ನಾನು ನಂಬುವವಳಲ್ಲ. ಅವರು ಬರುವ ದಾರಿಯಲ್ಲಿ ಯಾವ ಹೋಟೆಲು ಹೊಕ್ಕು ಬಂದಿರುತ್ತಾರೋ. ನನ್ನ ಕೈಕಾಲಿಗೋ ಅದು ದಿನಾ ಆಗುವ ಕೆಲಸವಲ್ಲ. ನಾನು ಅವನನ್ನು ನೋಡಿದೆ. ಐವತ್ತಾರು ವರ್ಷ, ಸ್ನಾನ ಸಂಧ್ಯಾವಂದನೆ ಮುಗಿಸಿದ ಮೈ, ಆರರಿಂದ ಒಂಬತ್ತರವರೆಗೆ ಕೈಯಲ್ಲಿ ಪೇಪರು. ಲಾ ಓದುವಾಗ ಮೂರು ವರ್ಷ ಕೋಣೆ ಮಾಡಿಕೊಂಡು ಸ್ವಂತ ಅಡುಗೆ ಮಾಡಿಕೊಂಡಿದ್ದವನು. ಅವನ ಸಾರನ್ನು ನಾನೇ ಉಂಡಿದ್ದೇನೆ.

"ಗಂಡಸಿಗೆ ತಿಂಗಳಲ್ಲಿ ದೂರ ಕೂರೋ ದಿನ ಇದೆಯೇನೋ?" ಎಂದು ಕೇಳಿದೆ.

ಇಲ್ಲವೆಂದು ತಲೆಯಾಡಿಸಿದ. ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೆ ಅನುಮಾನ ಬಂದದ್ದು ಮುಖದಲ್ಲಿ ಕಾಣುತ್ತಿತ್ತು. ಕಡೆಗೂ ಅವನಿಗೊಂದು ಅನುಮಾನ ಬಂತು.

"ಹಾಗಾದ್ರೆ ಮೂವತ್ತು ದಿನವೂ ಮಡಿಯಲ್ಲಿ ಅಡುಗೆ ಮಾಡಬಹುದಾದವನು ಈ ಮನೇಲಿ ನೀನೊಬ್ಬನೇ. ನಾಳೆಯಿಂದ ನೈವೇದ್ಯ ನಿಂದು. ಅವಳು ನಡೆದು ಬರ್ತಾಳೆ, ಬಂದು ನಮ್ಮ ಜೊತೆಗೇ ಕೂತು ಉಣ್ತಾಳೆ, ಉಳಿದದ್ದನ್ನ ಬಳಿಯೋಕೆ ಅಲ್ಲ."

ಅವನು ಹೆಂಡತಿಯನ್ನು ನೋಡಿದ. ಅವಳು ಬಿಚ್ಚಿದ ಷೂವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಈ ಮಾತನ್ನು ನಂಬುವುದೋ ಬೇಡವೋ ಎಂಬಂತೆ ನನ್ನನ್ನೇ ದಿಟ್ಟಿಸುತ್ತಿದ್ದಳು. ಮೂವತ್ತು ವರ್ಷ ನನ್ನ ಜೊತೆ ಬಾಳಿದವಳು ಸುಮ್ಮನೆ ಹೇಗೆ ನಂಬುತ್ತಾಳೆ?

"ಎಷ್ಟು ದಿನ ಅಮ್ಮ?" ಎಂದ ಮಗ.

"ಅವಳು ಬದುಕಿರೋವರೆಗೂ ಕಣೋ," ಎಂದೆ.

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಭಾರವಾಗಿ ಕೇಳಿಸಿತು. ಅವನಿಗೂ ಕೇಳಿಸಿರಬೇಕು. ಪೇಪರು ಮಡಿಸಿ ಪಕ್ಕಕ್ಕಿಟ್ಟು, ಒಳಗೆ ಹೋಗಿ, ನಾನು ಅರ್ಧ ತೊಳೆದು ಬಿಟ್ಟಿದ್ದ ಅಕ್ಕಿಗೆ ಕೈ ಹಾಕಿದ.